ಅತ್ತೆಯವರ ಮೊಸರಿನಲ್ಲಿ ಹುಳ

ಬಾಗಲಕೋಟೆ, 6 ಏಪ್ರಿಲ್ 1954, ಮಂಗಳವಾರ

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕಲಿತ ಮೊದಲ ವಿದ್ಯೆಯೆಂದರೆ ಯಾವುದನ್ನು ಮುಟ್ಟಬಾರದು ಎಂಬುದು. ಅತ್ತೆಯವರ ಮಡಿಯ ಕೆಂಪು ಸೀರೆ ಒಣಗುವ ಗಳುವನ್ನು ಮುಟ್ಟಬಾರದು. ನೀರಿನ ತಾಮ್ರದ ಹಂಡೆಯನ್ನು ಮುಟ್ಟಬಾರದು. ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆಯನ್ನಂತೂ ಮುಟ್ಟುವುದಿರಲಿ, ಅದರ ಕೆಳಗೆ ನಿಂತು ಮಾತನ್ನೂ ಆಡಬಾರದು. ಹುನಗುಂದದ ನಮ್ಮ ಮನೆಯಲ್ಲಿ ಮೊಸರಿಗೆ ಇಷ್ಟು ದರ್ಬಾರು ಇರಲಿಲ್ಲ.

ಇವರ ತಾಯಿ ರುಕ್ಮಿಣೀಬಾಯಿಯವರ ಮೊಸರಿಗೆ ಓಣಿಯಲ್ಲಿ ದೊಡ್ಡ ಹೆಸರು. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುತ್ತಾರೆ. ಸಂಜೆಯಾದರೆ ಒಂದೊಂದೇ ಬಟ್ಟಲು ಹೆಪ್ಪಿಗೆಂದು ನಮ್ಮ ಬಾಗಿಲಿಗೆ ಬರುತ್ತದೆ. ಅತ್ತೆಯವರು ತೀರ್ಥ ಕೊಟ್ಟ ಹಾಗೆ ಒಂದು ಚಮಚೆ ಮೇಲಿನಿಂದ ಹಾಕುತ್ತಾರೆ. ಈ ಹೆಪ್ಪು ಅವರ ಅತ್ತೆಯ ತವರಿನಿಂದ ಬಂದದ್ದಂತೆ. ಅಂದಿನಿಂದ ಇಂದಿನವರೆಗೆ ಯಾರ ಮನೆಯಿಂದಲೂ ತಂದು ಹಾಕಿಲ್ಲವಂತೆ. ಇದನ್ನು ನಾನು ದಿನಾ ಕೇಳುತ್ತೇನೆ.

ಇಂದು ಮಾತ್ರ ಒಂದು ಹೊಸ ಸಂಗತಿ ನಡೆಯಿತು. ಇವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ರಜೆಯಲ್ಲಿ ಅಲ್ಲಿ ಹೆಂಚು ಬದಲಿಸುತ್ತಿದ್ದಾರೆ, ಯಾರಾದರೂ ಕೆಡವಿಬಿಟ್ಟಾರೆಂದು ಸೂಕ್ಷ್ಮದರ್ಶಕವನ್ನು ಮನೆಗೇ ತಂದಿದ್ದಾರೆ. ಟಾಂಗಾದಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಟಾಂಗಾದ ಅಹ್ಮದಸಾಬ ಪೆಟ್ಟಿಗೆಯೊಳಗೆ ದೇವರಿದ್ದಾನೇನು ಎಂದು ಕೇಳಿದನಂತೆ. ಇವರು ಅದಕ್ಕೂ ಒಂದು ಉಪನ್ಯಾಸ ಕೊಟ್ಟಿರುತ್ತಾರೆ, ಪಾಪ ಅಹ್ಮದಸಾಬ.

8 ಏಪ್ರಿಲ್, ಗುರುವಾರ

ಯಂತ್ರವನ್ನು ಪಡಸಾಲೆಯ ಕಿಟಕಿಯ ಹತ್ತಿರ ಇಟ್ಟಿದ್ದಾರೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಾಜಿನ ಪಟ್ಟಿಯ ಮೇಲಿಟ್ಟು ನೋಡುತ್ತಾರೆ. ನೊಣದ ರೆಕ್ಕೆ ಆಯಿತು, ತುಳಸಿಯ ಎಲೆ ಆಯಿತು. ತುಳಸಿಯೆಂದರೆ ಗಿಡ, ನಾನಲ್ಲ. ನನ್ನನ್ನು ಇನ್ನೂ ಅಷ್ಟು ಹತ್ತಿರದಿಂದ ನೋಡಿಲ್ಲ.

ಇಂದು ಊಟದ ಎಲೆಯಿಂದಲೇ ಒಂದು ಹನಿ ಮೊಸರು ತೆಗೆದುಕೊಂಡು, ಅದಕ್ಕೆ ನೀಲಿ ಬಣ್ಣ ಹಾಕಿ ನೋಡಿದರು. ಮೊದಲು ನನ್ನನ್ನು ಕರೆದರು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ನೀಲಿ ಕಡ್ಡಿಗಳು, ಮಣಿ ಪೋಣಿಸಿದಂಥ ಸರಗಳು, ಎಷ್ಟೆಂದು ಹೇಳುವುದು. ಇವೆಲ್ಲ ಜೀವವಿದ್ದ ಬ್ಯಾಕ್ಟೀರಿಯಾ ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ಮಡಿ, ಅಷ್ಟು ಆಚಾರ, ಗಡಿಗೆಯ ಒಳಗೆ ನೋಡಿದರೆ ಜಾತ್ರೆ. ಅತ್ತೆಯವರಿಗೆ ಇದನ್ನು ತೋರಿಸಲೇಬೇಕು ಎಂದು ನಾನೇ ಇವರಿಗೆ ಹೇಳಿದೆ.

ಅತ್ತೆಯವರು ಬಂದರು. ಸೆರಗು ಬಿಗಿಹಿಡಿದು ಬಹಳ ಹೊತ್ತು ನೋಡಿದರು. ಈಗ ಕೂಗುತ್ತಾರೆ, ಈಗ ಕೂತುಬಿಡುತ್ತಾರೆ ಎಂದು ನಾನು ಹಿಂದೆಯೇ ನಿಂತಿದ್ದೆ.

"ಇವು ಏನು ತಿಂತಾವ ಗುರು?" ಎಂದು ಕೇಳಿದರು.

ಹಾಲಿನಲ್ಲಿರುವ ಸಕ್ಕರೆ ತಿಂದು ಅದನ್ನು ಹುಳಿ ಮಾಡುತ್ತವೆ, ಹಾಲು ಮೊಸರಾಗುವುದು ಇವುಗಳಿಂದಲೇ ಎಂದು ಇವರು ಹೇಳಿದರು. ಯಾರಿಗಾದರೂ ಕೇಡು ಮಾಡುತ್ತವೆಯೇ ಎಂದು ಅವರು ವಿಚಾರಿಸಿದರು. ಇಲ್ಲವೆಂದರು.

"ಹಂಗಾರ ಇರ್ಲಿ ಬಿಡು. ಮನ್ಯಾಗ ಕೂತು ತಿಂದು ಕೆಲಸಾ ಮಾಡದವರಕಿಂತ ಛಲೋ ಆತು."

ಹೀಗೆಂದು ನನ್ನ ಕಡೆ ಒಂದು ಸಲ ನೋಡಿ, ಕಾಲೇಜಿನವರೆಲ್ಲ ಕಣ್ಣಿಟ್ಟ ಹಿತ್ತಾಳೆಯ ಕೊಳವೆಗೆ ತಮ್ಮ ಕಣ್ಣು ತಾಗಿತೆಂದು ಮತ್ತೆ ಸ್ನಾನಕ್ಕೆ ಹೋದರು.

ಇವರಿಗೆ ನಗು. ನನಗೆ ಬಂದದ್ದು ನಗುವಲ್ಲ.

9 ಏಪ್ರಿಲ್, ಶುಕ್ರವಾರ

ಇಂದು ಬಾವಿಯ ಹತ್ತಿರ ಎದುರುಮನೆಯ ಸರಸ್ವತೀಬಾಯಿ ಸಿಕ್ಕರು. ಕೃಷ್ಣಾಜಿ ವಕೀಲರ ಹೆಂಡತಿ. ಅವರ ಕಿವಿ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ನಮ್ಮ ಅತ್ತೆಯವರ ಮೊಸರಿನಲ್ಲಿ ಲಕ್ಷಗಟ್ಟಲೆ ಹುಳಗಳಿವೆ, ನಾನೇ ಕಣ್ಣಾರೆ ನೋಡಿದೆ ಎಂದು ಪಿಸುಮಾತಿನಲ್ಲಿ ಹೇಳಿದೆ. ಬ್ಯಾಕ್ಟೀರಿಯಾ ಎನ್ನಬಹುದಿತ್ತು. ಆದರೆ ಹುಳ ಎಂದರೆ ಬೇಗ ತಿಳಿಯುತ್ತದೆ. ಯಾರಿಗೂ ಹೇಳಬೇಡಿ ಎನ್ನುವುದನ್ನು ಮರೆಯಲಿಲ್ಲ. ಹಾಗೆ ಹೇಳದಿದ್ದರೆ ಸುದ್ದಿ ಬೇಗ ಹಬ್ಬುವುದಿಲ್ಲ.

ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

13 ಏಪ್ರಿಲ್, ಮಂಗಳವಾರ

ಪುಣೆಯಲ್ಲಿರುವ ಇವರ ಗೆಳೆಯ ಅಂಚೆಯಲ್ಲಿ ಒಂದು ಡಬ್ಬಿ ಕಳಿಸಿದ್ದಾನೆ. ಅಂಚೆಯವನು ಅದನ್ನು ಮೈಯಿಂದ ದೂರ ಹಿಡಿದುಕೊಂಡು ಬಂದು, ಇವರ ಕೈಗಿತ್ತು, ಮೂಗು ಮುಚ್ಚಿಕೊಂಡು ಹೋದ. ತೆರೆದರೆ ಹಳದಿ ಬಣ್ಣದ ಗಡ್ಡೆ, ಮೇಲೆ ಅಲ್ಲಲ್ಲಿ ನೀಲಿ ಬೂಸಲು. ವಾಸನೆಯನ್ನು ಹೇಗೆ ಬರೆಯಲಿ? ಮಳೆಗಾಲದಲ್ಲಿ ಒದ್ದೆ ಕಂಬಳಿ ಮಡಿಚಿಟ್ಟು ಮರೆತ ಹಾಗೆ. ಇದು ಚೀಜು, ವಿಲಾಯತಿಯ ಹಳ್ಳಿಗರು ಕೈಯಿಂದ ಮಾಡಿದ್ದು ಎಂದು ಇವರು ಹಿಗ್ಗಿದರು.

ಅತ್ತೆಯವರು ಒಳಗಿನಿಂದಲೇ ಅದನ್ನು ಹಿತ್ತಲಿಗೆ ಒಯ್ಯಬೇಕೆಂದು ಹೇಳಿ ಕಳಿಸಿದರು. ಹೇಳಿ ಕಳಿಸಲು ಇದ್ದವಳು ನಾನೊಬ್ಬಳೇ, ಆದ್ದರಿಂದ ನಾನೂ ಹಿತ್ತಲಿಗೆ ಹೋದೆ. ಅಲ್ಲಿ ಬಾಳೆಯ ಗಿಡದ ಬುಡದಲ್ಲಿ ಕೂತು ಇವರು ಚೀಜಿನ ಕಥೆ ಹೇಳಿದರು. ಕಾಯಿಸದ ಹಾಲನ್ನು ಒಡೆಸಿ, ಗಟ್ಟಿಮಾಡಿ, ಉಪ್ಪು ಸವರಿ, ಗುಹೆಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರಂತೆ. ಅಷ್ಟು ದಿನ ಕೊಳೆಯುವುದಿಲ್ಲವೇ ಎಂದು ಕೇಳಿದೆ. ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಬಂದು ಕೂತು ಹುಳಿ ಮಾಡಿಬಿಟ್ಟರೆ ಕೆಟ್ಟವುಗಳಿಗೆ ಅಲ್ಲಿ ಕಾಲಿಡಲು ಆಗುವುದಿಲ್ಲವಂತೆ. ಆದರೆ ಎಲ್ಲ ಕೆಟ್ಟವೂ ಹುಳಿಗೆ ಹೆದರುವುದಿಲ್ಲ. ಹಾಲು ಕೊಟ್ಟ ಪ್ರಾಣಿಗೆ ರೋಗವಿದ್ದರೆ, ಮುಟ್ಟಿದ ಕೈ ಹೊಲಸಿದ್ದರೆ, ಅದೇ ಚೀಜು ಜನರನ್ನು ಕೊಂದದ್ದೂ ಉಂಟಂತೆ.

ಹಾಗಾದರೆ ಇದು ಸೊಲ್ಲಾಪುರದ ರೈಲುಗಾಡಿಯ ಮೂರನೆಯ ದರ್ಜೆಯ ಡಬ್ಬಿಯಿದ್ದಂತೆ, ಮೊದಲು ಹತ್ತಿ ಕಾಲು ಚಾಚಿದವರದೇ ಜಾಗ ಎಂದೆ. ಇವರು ನನ್ನನ್ನು ಹೊಸದಾಗಿ ನೋಡಿದ ಹಾಗೆ ನೋಡಿದರು. ಒಂದು ಚೂರು ಕೊಟ್ಟರು. ತಿಂದೆ. ಉಪ್ಪುಪ್ಪು, ಹುಳಿ, ಕೊನೆಗೆ ಸ್ವಲ್ಪ ಬೆಣ್ಣೆ. ಬೆಕ್ಕು ಮೂಸಿ ನೋಡಿ ಗೋಡೆ ಹಾರಿತು. ಚೀಜು ನನಗೆ ರುಚಿಸಿತು ಎಂಬುದನ್ನು ಈ ಪುಟಕ್ಕೆ ಬಿಟ್ಟು ಯಾರಿಗೂ ಹೇಳುವುದಿಲ್ಲ.

17 ಏಪ್ರಿಲ್, ಶನಿವಾರ

ಸಂಜೆ ಹೆಪ್ಪಿಗೆ ಬರುವ ಬಟ್ಟಲುಗಳು ನಿಂತಿವೆ. ಒಬ್ಬರಿಗೆ ಮೊಸರು ತಿಂದರೆ ನೆಗಡಿ, ಇನ್ನೊಬ್ಬರಿಗೆ ವ್ರತ. ಅತ್ತೆಯವರು ಎಂದಿನ ಹಾಗೆ ಚಮಚೆ ಹಿಡಿದು ಬಾಗಿಲಲ್ಲಿ ನಿಂತು, ಸ್ವಲ್ಪ ಹೊತ್ತು ರಸ್ತೆ ನೋಡಿ, ಒಳಗೆ ಹೋಗುತ್ತಾರೆ. ನೋಡಲು ತಮಾಷೆಯಾಗಿದೆ. ಮೊದಲ ದಿನ ಹೆಚ್ಚು ತಮಾಷೆಯಾಗಿತ್ತು.

ಇಂದು ಹಾಲಿನ ಸಂಗವ್ವ ಬಂದು ಕಟ್ಟೆಯ ಮೇಲೆ ಕೂತಳು. ಹಿಂದಿನ ಓಣಿಯಲ್ಲಿ ಅವಳದು ಎರಡು ಎಮ್ಮೆ. ನಮ್ಮ ಮನೆಗೂ ಸುತ್ತಲಿನ ಮನೆಗಳಿಗೂ ಅವಳೇ ಹಾಲು ಹಾಕುತ್ತಾಳೆ.

"ಬಾಯಾರ ಮಸರಾಗ ಹುಳ ಅದಾವ ಅಂದ್ರ, ಹಾಲು ಕೊಟ್ಟಾಕಿ ನಾನಲ್ಲೇನ್ರಿ? ಎಮ್ಮಿಗೆ ರೋಗ ಐತಿ ಅಂತ ದಿನದ ಹಾಲಿನ ವರ್ತನಿ ಬಿಡಿಸ್ಯಾರ. ನನ್ನ ಎಮ್ಮಿ ನೋಡಿರೇನು ನೀವು? ನಿಮಗಿಂತ ನಿಗಿನಿಗಿ ಅದಾವು."

ಎಮ್ಮೆಗೆ ಹೋಲಿಸಿದ್ದಕ್ಕೆ ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅವಳು ಹೋದ ಮೇಲೆ ನಾನು ಮಾಳಿಗೆ ಹತ್ತಿ ಹಪ್ಪಳ ಹರವುತ್ತ ಕೂತೆ. ನಾನು ಹೇಳಿದ್ದು ಮೊಸರಿನ ಮಾತು. ಅದು ಎಮ್ಮೆಯವರೆಗೆ ಹೋದದ್ದು ನನ್ನ ತಪ್ಪಲ್ಲ. ಬಿಸಿಲು ಬಹಳ. ಹಪ್ಪಳ ಒಂದೂ ದುಂಡಗಿಲ್ಲ.

22 ಏಪ್ರಿಲ್, ಗುರುವಾರ

ಎದುರುಮನೆಯಲ್ಲಿ ವಕೀಲರ ಮಗನ ಮುಂಜಿವೆ. ಮೊಸರು ರುಕ್ಮಿಣೀಬಾಯಿಯವರ ಮನೆಯದೇ ಆಗಬೇಕೆಂದು ವಕೀಲರ ತಂದೆ ಹಠ ಹಿಡಿದರಂತೆ. ಸರಸ್ವತೀಬಾಯಿ ಮುಖ ಹುಳ್ಳಗೆ ಮಾಡಿಕೊಂಡೇ ಬಂದು ಕೇಳಿ ಹೋಗಿದ್ದರು. ಅತ್ತೆಯವರು ಎರಡು ದೊಡ್ಡ ಗಡಿಗೆ ಮೊಸರು ಮಾಡಿ ಕೊಟ್ಟರು. ಒಂದು ಗಡಿಗೆಯನ್ನು ಹೊರುವಾಗ ಕೆಳಗೆ ಕೈ ಕೊಡು ಎಂದು ನನಗೆ ಹೇಳಿದರು. ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಕೈಕೊಟ್ಟೆ. ಗಡಿಗೆ ಇಷ್ಟು ಭಾರವಿರುತ್ತದೆಂದು ತಿಳಿದಿರಲಿಲ್ಲ.

ಸರಸ್ವತೀಬಾಯಿ ಮಾತ್ರ ಬಾಸುಂದಿಯ ಗುಂಗಿನಲ್ಲಿದ್ದರು. ಅಡುಗೆಯವರ ಕೈಗೆ ಕೊಡದೆ ನಿನ್ನೆಯೇ ತಾವೇ ಕುದಿಸಿ, ಆರಿಸಿ, ಸಕ್ಕರೆ ಕೇಸರಿ ಹಾಕಿ ಕೈಯಾರೆ ಕದಡಿದರಂತೆ. ಬೆರಳಿಗೆ ಒಂದು ಬಟ್ಟೆಯ ಚಿಂದಿ ಸುತ್ತಿಕೊಂಡಿದ್ದರು. ವಜ್ರದ ಉಂಗುರ ಯಾರಿಗೂ ಕಾಣಬಾರದೆಂದು ಮುಚ್ಚಿದ್ದೀರಾ ಎಂದು ಚೇಷ್ಟೆ ಮಾಡಿದೆ.

ಬಾಸುಂದಿ ಎರಡು ಸಲ ಹಾಕಿಸಿಕೊಂಡೆ. ಇವರಿಗೆ ಸಿಹಿ ಸೇರದು, ಮೊಸರನ್ನ ತಿಂದು ಎದ್ದರು. ಬದುಕಲು ಬರದವರು.

23 ಏಪ್ರಿಲ್, ಶುಕ್ರವಾರ

ಬರೆಯಲಾರೆ. ನಿನ್ನೆ ಸಂಜೆಯಿಂದ ಓಡಾಟ, ವಾಂತಿ. ಓಣಿಯೆಲ್ಲ ಅದೇ ಸದ್ದು. ಬದುಕಲು ಬರದವರು ಆರಾಮವಾಗಿ ಗಂಜಿ ಕಾಯಿಸುತ್ತಿದ್ದಾರೆ.

24 ಏಪ್ರಿಲ್, ಶನಿವಾರ

ಎದ್ದು ಕೂಡುವಷ್ಟು ಶಕ್ತಿ ಬಂದಿದೆ. ವಕೀಲರ ತಂದೆಯನ್ನು ಮಾತ್ರ ದವಾಖಾನೆಗೆ ಒಯ್ದಿದ್ದಾರೆ, ಕೈಕಾಲು ತಣ್ಣಗಾಗಿದ್ದವಂತೆ. ಉಳಿದವರು ಮನೆಯಲ್ಲೇ ನರಳುತ್ತಿದ್ದಾರೆ. ತಿಂದದ್ದರಲ್ಲಿ ಏನೋ ಕೆಟ್ಟಿತ್ತು ಎಂದು ಡಾಕ್ಟರು ಹೇಳಿದರಂತೆ. ಏನು ಕೆಟ್ಟಿತ್ತು ಎಂಬುದನ್ನು ಓಣಿಯವರು ತಾವೇ ಗೊತ್ತುಮಾಡಿಕೊಂಡರು.

ಬೆಳಿಗ್ಗೆ ಕೃಷ್ಣಾಜಿ ವಕೀಲರು ಇಬ್ಬರು ಹಿರಿಯರ ಜೊತೆಗೆ ಬಂದರು. ಕಣ್ಣು ಒಳಗೆ ಹೋಗಿತ್ತು, ಆದರೂ ಕೋರ್ಟಿನ ದನಿ.

"ಗುರುರಾಜ, ನಿನ್ನ ದುರ್ಬೀನದಾಗ ಹುಳ ಕಂಡಿದ್ದು ಖರೆ ಹೌದೋ ಅಲ್ಲೋ? ಅಷ್ಟ ಹೇಳು."

ಇವರು ಬ್ಯಾಕ್ಟೀರಿಯಾದಲ್ಲಿ ಒಳ್ಳೆಯವು, ಕೆಟ್ಟವು, ಕಡ್ಡಿಯಂಥವು, ಗುಂಡಗಿನವು ಎಂದು ಶುರು ಮಾಡಿದರು. ಪರೀಕ್ಷೆ ಮಾಡದೆ ಹೇಳಲಾಗದು ಎಂದರು. ಕೇಳಿದವರಿಗೆ ಹೌದೆಂದು ಒಪ್ಪಿಕೊಂಡ ಹಾಗೆಯೇ ಕೇಳಿಸಿತು. ಹುಳ ಎಂಬ ಶಬ್ದ ಇವರು ಎಂದೂ ಆಡಿದ್ದಲ್ಲ.

ಅತ್ತೆಯವರು ಒಳಗಿನಿಂದ ಬಂದರು. ನೆಲುವಿನಿಂದ ಗಡಿಗೆ ಇಳಿಸಿ, ಹಿಡಿದುಕೊಂಡು ಹೊರಗೆ ಬಂದು, ಎಲ್ಲರೂ ನೋಡುವಂತೆ ಮೋರಿಗೆ ಸುರಿದರು. ಹಿಂದಿರುಗಿ ಹೋಗಿ ಹೆಪ್ಪಿನ ಚಿಕ್ಕ ಕುಡಿಕೆಯನ್ನೂ ತಂದು ಸುರಿದರು. ತೊಳೆದು, ಎರಡನ್ನೂ ಕಟ್ಟೆಯ ಮೇಲೆ ಬೋರಲು ಹಾಕಿ, ಒಳಗೆ ಹೋಗಿ ಜಪಕ್ಕೆ ಕೂತರು. ವಕೀಲರು ಹೋಗುವಾಗ ಚಪ್ಪಲಿ ತಪ್ಪಾಗಿ ಮೆಟ್ಟಿಕೊಂಡು ಹೋದರು.

ಮೋರಿಯಲ್ಲಿ ಹರಿಯುತ್ತಿದ್ದ ಮೊಸರನ್ನು ಒಂದು ನಾಯಿ ಬಂದು ಪೂರ್ತಿ ನೆಕ್ಕಿತು. ಸಂಜೆಯವರೆಗೂ ನಾನು ಕಿಟಕಿಯಲ್ಲಿ ಕೂತು ಅದನ್ನೇ ನೋಡಿದೆ. ಅದಕ್ಕೆ ಏನೂ ಆಗಲಿಲ್ಲ.

27 ಏಪ್ರಿಲ್, ಮಂಗಳವಾರ

ಮೂರು ದಿನದಿಂದ ಮನೆಮನೆ ತಿರುಗುತ್ತಿದ್ದೇನೆ. ಕೈಯಲ್ಲಿ ಗಂಜಿಯ ಪಾತ್ರೆ ಇದ್ದರೆ ಯಾರೂ ಬಾಗಿಲು ಹಾಕುವುದಿಲ್ಲ, ಕಾಯಿಲೆಯವರಿಗೆ ತಮ್ಮ ಕಾಯಿಲೆಯ ವರ್ಣನೆಗಿಂತ ಹೆಚ್ಚಿನ ಸುಖವೂ ಇಲ್ಲ. ಯಾರು ಏನು ತಿಂದರು, ಎಷ್ಟು ಸಲ ಹಾಕಿಸಿಕೊಂಡರು, ಎಲ್ಲ ಕೇಳಿಕೊಂಡು ಬಂದೆ. ಜನರ ಬಾಯಿ ಬಿಡಿಸುವುದು ನನಗೆ ಕಷ್ಟವಲ್ಲ.

ಮಡಿ ಹೆಂಗಸರು ಒಬ್ಬರೂ ಮಲಗಿಲ್ಲ. ಅವರು ಕೊನೆಯ ಪಂಕ್ತಿಯಲ್ಲಿ ಅನ್ನ ಸಾರು ಮತ್ತು ಅತ್ತೆಯವರ ಮೊಸರು ಮಾತ್ರ ಉಂಡಿದ್ದರು. ಬಾಸುಂದಿ ಮಡಿಯಲ್ಲಿ ಮಾಡಿದ್ದಲ್ಲವೆಂದು ಮುಟ್ಟಿರಲಿಲ್ಲ. ಇವರಿಗೂ ಏನೂ ಆಗಿಲ್ಲ. ನಾನು ಎರಡು ಸಲ ಹಾಕಿಸಿಕೊಂಡಿದ್ದೆ, ನನ್ನ ಗತಿ ಗೊತ್ತೇ ಇದೆ. ಇನ್ನೂ ಒಂದು. ಸರಸ್ವತೀಬಾಯಿ ಸಂಗವ್ವನ ಮನೆಗೆ ಒಂದು ಬಟ್ಟಲು ಬಾಸುಂದಿಯನ್ನಷ್ಟೇ ಕಳಿಸಿದ್ದರು. ಸಂಗವ್ವ, ಅವಳ ಅತ್ತೆ ಸಿದ್ದಲಿಂಗವ್ವ ಇಬ್ಬರೂ ಅದನ್ನು ದುಡಿದು ಬಂದ ಗಂಡಸಿಗೆಂದು ಬಿಟ್ಟು ರೊಟ್ಟಿ ಮೊಸರು ತಿಂದರು. ಬಟ್ಟಲು ಬರಿದು ಮಾಡಿದ ಅವಳ ಗಂಡ ಕಾಶಪ್ಪ ಎರಡು ದಿನ ನೆಲ ಬಿಟ್ಟು ಏಳಲಿಲ್ಲ.

ಇದನ್ನೆಲ್ಲ ಇವರ ಮುಂದೆ ಹೇಳಿದೆ. ಇವರು ಊಟದ ಎಲೆಯ ಮುಂದೆ ಕೈ ಹಾಗೆಯೇ ಹಿಡಿದು ಕೇಳಿದರು. ಆಮೇಲೆ ಸರಸ್ವತೀಬಾಯಿಯವರ ಬೆರಳಿನ ಚಿಂದಿಯ ನೆನಪಾಯಿತು. ಅದು ಉಗುರುಸುತ್ತು ಎಂದು ಅವರ ಮನೆಯ ಕೆಲಸದ ಲಗಮವ್ವನೇ ಹೇಳಿದ್ದಳು. ಕೀವಿನಲ್ಲಿ ಇರುವ ಬ್ಯಾಕ್ಟೀರಿಯಾ ಬೇರೆಯ ಜಾತಿಯವು ಎಂದು ಇವರು ಹೇಳಿದರು. ಆರಿದ ಹಾಲಿಗೆ ಬಿದ್ದು, ಈ ಬಿಸಿಲಿನಲ್ಲಿ ಒಂದು ದಿನ ಇದ್ದರೆ ವಿಷ ಮಾಡಿಡುತ್ತವೆ. ರುಚಿಯಲ್ಲಿ ತಿಳಿಯುವುದಿಲ್ಲ. ಮೊಸರಿನ ಹುಳಿಯಲ್ಲಿ ಅವು ಹಾಗೆ ಬೆಳೆಯಲಾರವು. ಬಾಸುಂದಿಯಲ್ಲಿ ತಡೆಯುವವರು ಯಾರೂ ಇರಲಿಲ್ಲ, ರೈಲಿನ ಡಬ್ಬಿಯೆಲ್ಲ ಖಾಲಿ ಎಂದೆ ನಾನು. ಹೌದು, ಕಾಲು ಚಾಚಿ ಮಲಗಿದವು ಎಂದರು ಇವರು.

ಬಾಸುಂದಿ ಒಂದು ಹನಿಯೂ ಉಳಿದಿಲ್ಲ, ಆದ್ದರಿಂದ ರುಜುವಾತು ಮಾಡಿ ತೋರಿಸಲಾಗದು ಎಂದು ಇವರಿಗೆ ಹಳಹಳಿ. ನನಗಿಲ್ಲ. ನಾಳೆ ಬಾವಿಗೆ ಹೋಗುವವಳು ನಾನು.

28 ಏಪ್ರಿಲ್, ಬುಧವಾರ

ಒಳ್ಳೆಯ ವಾಕ್ಯವೊಂದನ್ನು ಹೊಂದಿಸಿಕೊಂಡಿದ್ದೆ. 'ಮೊಸರಿನಲ್ಲಿ ಹುಳ ಇದ್ದವೋ ಇಲ್ಲವೋ, ಬಾಸುಂದಿಯಲ್ಲಿ ಬೆರಳಂತೂ ಇತ್ತು.' ಕೊಡ ಎತ್ತಿಕೊಂಡು ಹೊರಟಾಗ ಅತ್ತೆಯವರು ಹಿಂದಿನಿಂದ ಕರೆದರು. ನಿನ್ನೆ ನಾವಾಡಿದ ಮಾತನ್ನು ಒಳಗಿನಿಂದ ಕೇಳಿಸಿಕೊಂಡಿದ್ದರು.

"ಸರಸ್ವತಿ ಬೆರಳಿನ ಮಾತು ಬಾವಿಕಟ್ಟಿ ಮ್ಯಾಲೆ ಇಡಬ್ಯಾಡ, ತುಳಸಿ. ಅಲ್ಲಿಟ್ಟ ಮಾತು ಎಲ್ಲೆಲ್ಲೆ ಹೋಗತದ, ಎಷ್ಟ ದೊಡ್ಡದಾಗತದ, ನಿನಗ ನಾ ಹೇಳಬೇಕಾಗಿಲ್ಲ."

ದನಿ ಏರಿಸಲಿಲ್ಲ. ಹೂಬತ್ತಿ ಹೊಸೆಯುತ್ತಲೇ ಹೇಳಿದರು.

ನೀರು ತಂದೆ. ಬಾವಿಯ ಹತ್ತಿರ ಯಾರು ಯಾರು ಇದ್ದರೋ ನೆನಪಿಲ್ಲ.

30 ಏಪ್ರಿಲ್, ಶುಕ್ರವಾರ

ನಿನ್ನೆ ಸಂಗವ್ವನ ಹಾಲು ಬಿಟ್ಟ ಮನೆಗಳಿಗೆಲ್ಲ ಹೋಗಿ ಬಂದೆ. ಹುಳ ಎಂದು ಮೊದಲು ಹೇಳಿದವಳು ನಾನೇ, ಅದು ಹುಳವಲ್ಲ, ಎಮ್ಮೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಒಬ್ಬರು ನಂಬಿದರು, ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, ಒಬ್ಬರು ಹುನಗುಂದದ ಹುಡುಗಿಯರ ನಾಲಿಗೆಯ ಬಗ್ಗೆ ಒಂದು ಮಾತು ಹೇಳಿದರು. ಕೇಳಿಸಿಕೊಂಡೆ.

ಇಂದು ಅತ್ತೆಯವರು ಒಂದು ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಎದುರುಮನೆಗೆ ಹೋದರು. ಮೋರಿಗೆ ಮೊಸರು ಸುರಿಸಿದವರ ಮನೆಗೆ, ಅದೂ ಕರೆಯದೆ. ನನ್ನನ್ನೂ ಕರೆದುಕೊಂಡು ಹೋದರು. ಹೇಗಿದ್ದೀರಿ ಎಂದು ವಕೀಲರ ತಂದೆಯನ್ನು ವಿಚಾರಿಸಿದರು. ದವಾಖಾನೆಯಿಂದ ನಿನ್ನೆ ಬಂದಿದ್ದಾರೆ, ಮಜ್ಜಿಗೆ ಬೇಕೆಂದು ಹಠ ಮಾಡುತ್ತಿದ್ದಾರೆ. ಆಮೇಲೆ ಸರಸ್ವತೀಬಾಯಿಯನ್ನು ಒಳಗೆ ಕರೆದು, ಬೆರಳಿನ ಚಿಂದಿ ಬಿಚ್ಚಿಸಿ ನೋಡಿದರು. ಬಾತು ಹಳದಿಯಾಗಿತ್ತು. ನಿಂಬೆಹಣ್ಣಿಗೆ ತೂತು ಕೊರೆದು ಟೊಪ್ಪಿಗೆಯ ಹಾಗೆ ಬೆರಳಿಗೆ ಹಾಕಿದರು. ಮಾಯುವವರೆಗೆ ಹಾಲಿನ ಕೆಲಸಕ್ಕೆ ಕೈ ಹಾಕಬೇಡ ಎಂದರು.

ಸರಸ್ವತೀಬಾಯಿ ಬೆರಳು ನೋಡಿದರು, ಅತ್ತೆಯವರ ಮುಖ ನೋಡಿದರು. ಅವರ ಬಾಯಲ್ಲಿ ಮಾತು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ಇನ್ನೊಂದು ಚಿಂತೆ. ಗಡಿಗೆ ಇದೆ, ಹಾಲಿದೆ, ಹೆಪ್ಪಿಲ್ಲ. ನಮ್ಮ ಹೆಪ್ಪು ಒಯ್ದಿದ್ದ ಮನೆಗಳೆಲ್ಲ ಹೆದರಿ ಚೆಲ್ಲಿಬಿಟ್ಟಿವೆ. ಅತ್ತೆಯವರು ಬರಿದಾದ ನೆಲುವನ್ನು ನೋಡುತ್ತ ಕೂತಿದ್ದರು. ಅಷ್ಟರಲ್ಲಿ ಹಾಲು ತಂದ ಸಂಗವ್ವ ಬಾಗಿಲಲ್ಲಿ ನಿಂತು ಕಾಲಿನಿಂದ ನೆಲ ಕೆರೆದಳು.

"ನಮ್ಮನ್ಯಾಗ ನಿಮ್ಮ ಹೆಪ್ಪ ಐತ್ರಿ ಬಾಯಾರ. ನಾ ಚೆಲ್ಲಿಲ್ಲ. ಆದ್ರ ನಮ್ಮ ಮನೀದು ನಿಮ್ಮ ಮಡೀಗೆ ನಡೀತೈತೋ ಇಲ್ಲೋ."

ಅತ್ತೆಯವರು ಬರಿ ಗಡಿಗೆಯನ್ನು ಹತ್ತಿರ ಎಳೆದುಕೊಂಡರು. ನಾನು ಅವರ ಮುಖವನ್ನೇ ನೋಡಿದೆ. ಈ ಗಡಿಗೆಗೆ ಇಲ್ಲಿಯವರೆಗೆ ಯಾರ ಮನೆಯದೂ ಬಿದ್ದಿಲ್ಲ ಎಂದು ದಿನಾ ಕೇಳಿದವಳು ನಾನು.

"ನಡೀಲಿಕ್ಕೇನು," ಎಂದರು. "ಕೊಟ್ಟ ಮಗಳು ತವರಿಗೆ ತಿರುಗಿ ಬಂದ್ರ ಯಾರ ಮನ್ಯಾಗ ಉಂಡು ಬಂದಿ ಅಂತ ಕೇಳತಾರೇನು? ತೊಗೊಂಬಾ."

ಹೆಪ್ಪು ಹಾಕುವ ಮೊದಲು ಅತ್ತೆಯವರು ಕುಡಿಕೆ ಕೆಳಗಿಟ್ಟರು. ಹಾಲು ಎಷ್ಟು ಬೆಚ್ಚಗಿದೆ ನೋಡು ಎಂದು ನನಗೇ ಹೇಳಿದರು. ಕಿರುಬೆರಳಿಟ್ಟು ನೋಡಿದೆ. ಇನ್ನೊಂದು ಸ್ವಲ್ಪ ಆರಲಿ ಎಂದೆ. ಆರಲಿ ಎಂದರು ಅವರೂ.

4 ಮೇ, ಮಂಗಳವಾರ

ಚೈತ್ರಗೌರಿಯ ಅರಿಷಿಣ ಕುಂಕುಮಕ್ಕೆ ಇಂದು ಓಣಿಯವರನ್ನೆಲ್ಲ ಕರೆದಿದ್ದೆ. ಯಾರೂ ಬರಲಾರರೆಂದು ಇವರು ಹೆದರಿದ್ದರು. ಪಡಸಾಲೆಯಲ್ಲಿ ಗೌರಿಯ ಪಕ್ಕದಲ್ಲೇ ಸೂಕ್ಷ್ಮದರ್ಶಕ ಇಡಬೇಕೆಂದು ನಾನು ಹಠ ಮಾಡಿದೆ. ಗೌರಿಗೆ ಹಚ್ಚಿದ ಹಾಗೆ ಅದಕ್ಕೂ ಒಂದು ಬೊಟ್ಟು ಅರಿಷಿಣ ಹಚ್ಚಿದೆ. ಸರಕಾರಿ ಹಿತ್ತಾಳೆ ಎಂದು ಇವರು ಗೊಣಗಿದರು.

ಬಂದರು. ಭಕ್ತಿಯಿಂದ ಬಂದರೋ ದುರ್ಬೀನು ನೋಡಲು ಬಂದರೋ, ಬಂದರಂತೂ ಹೌದು. ಸಾಲು ಹಚ್ಚಿ ನಿಲ್ಲಿಸಿ ಒಬ್ಬೊಬ್ಬರಿಗೆ ತೋರಿಸಿದೆ. ಮೊದಲು ಮಜ್ಜಿಗೆಯ ಹನಿ. ಅಯ್ಯ ಎಂದು ಮುಖ ಸಿಂಡರಿಸಿದವರಿಗೆಲ್ಲ ಎರಡನೆಯ ಪಟ್ಟಿ ತೋರಿಸಿದೆ. ಅದರಲ್ಲಿ ಇನ್ನೂ ದಟ್ಟವಾಗಿ ನಾನಾ ತರಹದವು. ಇದು ಎಲ್ಲಿಯದು ಎಂದು ಕೇಳಿದರು. ನನ್ನ ಹಲ್ಲಿನ ಸಂದಿಯದು, ಬೇಕಾದರೆ ನಿಮ್ಮದನ್ನೂ ನೋಡೋಣ ಎಂದೆ. ಎಲ್ಲರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಸಂಗವ್ವನೂ ಬಂದು ಮಜ್ಜಿಗೆಯ ಪಟ್ಟಿ ನೋಡಿ, ಇವು ತನ್ನ ಎಮ್ಮೆಯವೇ ಎಂದು ಕೇಳಿದಳು. ಹೌದೆಂದೆ. ಅವಳ ಮುಖ ನೋಡಬೇಕಿತ್ತು, ಎಲ್ಲರಿಗೂ ಹೇಳುತ್ತ ಹೋದಳು.

ಆದರೆ ಮಜ್ಜಿಗೆಯ ಲೋಟಗಳು ತುಂಬಿಸಿದ ಹಾಗೆಯೇ ಇದ್ದವು. ಕೋಸಂಬರಿ ಖಾಲಿಯಾಯಿತು, ಪಾನಕ ಖಾಲಿಯಾಯಿತು. ಮಜ್ಜಿಗೆ ಮುಟ್ಟಿದವರಿಲ್ಲ. ಒಳಕೋಣೆಯ ಬಾಗಿಲ ಮರೆಯಲ್ಲಿ, ಕುಂಕುಮದವರ ನಡುವೆ ಬರಲೊಲ್ಲದ ಅತ್ತೆಯವರ ಕೆಂಪು ಸೀರೆಯ ಅಂಚು ಕಾಣುತ್ತಿತ್ತು.

ಕೊನೆಗೆ ಸರಸ್ವತೀಬಾಯಿ ಬಂದರು. ಒಳ್ಳೆಯ ಇಳಕಲ್ ಸೀರೆ, ಬೆರಳಿಗೆ ನಿಂಬೆಹಣ್ಣು. ಕೆಲವರು ನಿಂಬೆಹಣ್ಣು ನೋಡಿದರು, ಕೆಲವರು ನನ್ನ ಬಾಯಿ ನೋಡಿದರು. ನಾನು ಕುಂಕುಮ ಹಚ್ಚಿದೆ, ಉಡಿಗೆ ಕಡಲೆ ಹಾಕಿದೆ, ಬಾಯಿ ಬಿಡಲಿಲ್ಲ. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಅವರು ಎಡಗೈಯ ನಿಂಬೆಹಣ್ಣನ್ನು ಎತ್ತಿ ಹಿಡಿದು, ಬಲಗೈಯಿಂದ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ತಳದವರೆಗೆ ಕುಡಿದರು. ಇನ್ನೊಂದು ಕೊಡು ಎಂದರು. ಅದನ್ನೂ ಕುಡಿದರು.

"ಅವತ್ತ ನಮ್ಮ ಬಾಸುಂದಿ ಬಿಸಲಿಗೆ ಕೆಟ್ಟಿತ್ತು ನೋಡ್ರಿ," ಎಂದರು, ಯಾರ ಕಡೆಗೂ ನೋಡದೆ, ಆದರೆ ಎಲ್ಲರಿಗೂ ಕೇಳುವಂತೆ. "ಮಸರಿಂದು ಏನೂ ತಪ್ಪಿರಲಿಲ್ಲ."

ಬಾಗಿಲ ಮರೆಯಿಂದ ಅತ್ತೆಯವರ ದನಿ ಬಂತು.

"ಹೌದವಾ. ಈ ಸಲ ಬಿಸಲು ಭಾಳ ಅದ."

ಎಲ್ಲರೂ ಹೌದು ಹೌದು ಬಿಸಿಲು ಬಹಳ ಎಂದರು. ಹೇಗೂ ಬಿಸಿಲಿತ್ತು, ಎಲ್ಲರಿಗೂ ಬಾಯಾರಿತ್ತು. ಲೋಟಗಳು ಖಾಲಿಯಾದವು, ಎರಡು ಸಲ ಕಡೆದು ತರಬೇಕಾಯಿತು. ಸಂಜೆ ಬಾಗಿಲಿಗೆ ಬಂದ ಬಟ್ಟಲುಗಳಿಗೆ ಅತ್ತೆಯವರು ನನ್ನ ಕೈಯಿಂದ ಹೆಪ್ಪು ಹಾಕಿಸಿದರು, ತಮಗೆ ಕಾಲು ನೋವು ಎಂದು. ಕಾಲು ನೋವಿನವರು ಆಮೇಲೆ ಯಾರೂ ಇಲ್ಲದಾಗ ಬಂದು ಯಂತ್ರಕ್ಕೆ ಕಣ್ಣಿಟ್ಟು ಮತ್ತೊಮ್ಮೆ ನೋಡುತ್ತಿದ್ದರು. ಈ ಸಲ ಸ್ನಾನಕ್ಕೆ ಹೋಗಲಿಲ್ಲ.

ಹುನಗುಂದ, 14 ಮೇ, ಶುಕ್ರವಾರ

ಅಪ್ಪ ಬಂದು ಮೊನ್ನೆ ಕರೆದುಕೊಂಡು ಬಂದರು. ಅತ್ತೆಯವರು ಒಂದು ಕುಡಿಕೆಯಲ್ಲಿ ಹೆಪ್ಪು ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿದ್ದರು. ಬಸ್ಸಿನ ಕುಲುಕಾಟಕ್ಕೆ ಹೆದರಿ ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದಿದ್ದೆ. ಇಳಕಲ್ಲಿಗೆ ಹೋಗುವ ನೇಕಾರರ ಹೆಂಗಸೊಬ್ಬಳು ಕೂಡಲಸಂಗಮದ ತೀರ್ಥವೇನೆಂದು ಕೇಳಿದಳು. ಅಪ್ಪ ನಡುವೆ ಒಂದು ಸಲ ನನ್ನ ಕೈ ನೋಯುತ್ತಿರಬೇಕೆಂದು ತಾವು ಹಿಡಿಯುವುದಾಗಿ ಹೇಳಿದರು. ಅಡಕೆ ಕತ್ತರಿಸಿ ತೊಳೆಯದ ಕೈ. ಕೊಡಲಿಲ್ಲ.

ಈ ಮನೆಯಲ್ಲಿ ಮೊಸರಿನ ಬಗ್ಗೆ ಯಾರಿಗೂ ಲಕ್ಷ್ಯವಿಲ್ಲ. ಹಾಲು ಕಾಯಿಸುವ ಪಾತ್ರೆಯೇ ಬೇರೆ ಇಲ್ಲ. ಎಲ್ಲ ಗಡಿಗೆಗಳನ್ನೂ ಇಳಿಸಿ ತಿಕ್ಕಿ ಬಿಸಿಲಿಗಿಟ್ಟೆ. ಸಂಜೆ ಹಾಲು ಕಾಯಿಸಿ, ಹದ ನೋಡಿ, ಹೆಪ್ಪು ಹಾಕಿದೆ. ಅಷ್ಟರಲ್ಲಿ ಅಪ್ಪ ಪೇಟೆಯಿಂದ ಬಂದವರು ಹಾಗೆಯೇ ಒಳಗೆ ಬಂದು, ಏನು ಮಾಡುತ್ತಿದ್ದೀ ಎಂದು ಗಡಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

"ಕೈಕಾಲು ತೊಳಕೊಂಡು ಬರ್ರಿ ಅಪ್ಪಾ," ಎಂದೆ. "ಅದರ ಮ್ಯಾಲೆ ಬಗ್ಗಿ ಮಾತಾಡಬ್ಯಾಡ್ರಿ."

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡು ಅವ್ವನ ಕಡೆ ತಿರುಗಿದರು.

"ಬಾಗಲಕೋಟಿಂದ ನಾ ಮಗಳನ್ನ ಕರಕೊಂಡು ಬಂದೇನೋ, ಬೀಗತೀನ್ನ ಕರಕೊಂಡು ಬಂದೇನೋ?"

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ. ಇಲ್ಲಿಯವರ ಮೊಸರು ಮೊದಲಿನಿಂದಲೂ ನೀರುನೀರು. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಅತ್ತೆಯವರು ಒಬ್ಬರೇ ಗಡಿಗೆ ಇಳಿಸುತ್ತಿದ್ದಾರೋ ಏನೋ, ಅಮಾವಾಸ್ಯೆಗೆ ಮೊದಲೇ ತಿರುಗಿ ಹೋಗುತ್ತೇನೆಂದು ನಾಳೆ ಅಪ್ಪನಿಗೆ ಹೇಳಬೇಕು.

ಅಡುಗೆಮನೆಯಲ್ಲಿ ಮುಚ್ಚಳದ ಸದ್ದಾಯಿತು. ಬರೆಯುವುದು ಸಾಕು, ಎದ್ದು ನೋಡುತ್ತೇನೆ.